ಅಜ್ಜಿ ಯಾಕೆ ಬ್ಲರ್ ಆದ್ರು? ಫೋಕಸ್, ಡೆಪ್ತ್ ಆಫ್ ಫೀಲ್ಡ್ ಬಗ್ಗೆ ಬುಡದಿಂದ

ತಂಗಿ ಮಗಳ ನಾಮಕರಣಕ್ಕೆ ಹೊಸ ಲೆನ್ಸ್ ಹಾಕ್ಕೊಂಡು ಹೋಗಿದ್ದೆ. 50 ಎಂಎಂ ಎಫ್ 1.8, ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸ್ ಬೇಜಾರಾದ್ಮೇಲೆ ತುಂಬಾ ಜನ ಮೊದಲು ತಗೊಳ್ಳೋದೇ ಇದನ್ನ, ರೇಟು ಕಮ್ಮಿ, ಬ್ಯಾಕ್‌ಗ್ರೌಂಡ್ ಬೆಣ್ಣೆ ಥರ ಕರಗತ್ತೆ ಅಂತ ಹೆಸರು ಬೇರೆ. ತೊಟ್ಟಿಲು, ಮಗು, ಬೆಳ್ಳಿ ಗಿಲಕಿ ಎಲ್ಲಾ ಚೆನ್ನಾಗಿ ಬಂತು. ಊಟ ಆದ್ಮೇಲೆ ಗ್ರೂಪ್ ಫೋಟೋ. ಮುಂದೆ ಜಮಖಾನದ ಮೇಲೆ ಮಕ್ಕಳು, ಹಿಂದೆ ಪ್ಲಾಸ್ಟಿಕ್ ಕುರ್ಚಿಲಿ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಹಿಂದೆ ನಿಂತ್ಕೊಂಡಿರೋರು. ಐದಾರು ಕ್ಲಿಕ್ ಮಾಡಿ ಕ್ಯಾಮೆರಾದ ಸ್ಕ್ರೀನಲ್ಲೇ ನೋಡ್ದೆ, ಸೂಪರಾಗಿತ್ತು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರೆ ಮುಂದೆ ಕೂತಿದ್ದ ಹುಡುಗನ ಶರ್ಟಿನ ಗುಂಡಿ ಫಳಫಳ ಅಂತಿದೆ, ಅಜ್ಜಿ ಮುಖ ಮಂಜು ಮಂಜು, ಹಿಂದಿನ ಸಾಲಿನವರು ಕಣ್ಣು ಬಿಟ್ಟಿದಾರೋ ಮುಚ್ಚಿದಾರೋ ಗೊತ್ತಾಗಲ್ಲ.

ಲೆನ್ಸ್ ಹಾಳಾಗಿರಲಿಲ್ಲ, ಕೈಯೂ ನಡುಗಿರಲಿಲ್ಲ. ಲೆನ್ಸು ನಾನು ಹೇಳಿದ್ದನ್ನೇ ಮಾಡಿತ್ತು, ನಾನು ಏನು ಹೇಳ್ತಿದೀನಿ ಅಂತ ನನಗೇ ಗೊತ್ತಿರಲಿಲ್ಲ ಅಷ್ಟೇ. ಈಗ ಎಲ್ಲರ ಕೈಲೂ ಪೋರ್ಟ್ರೇಟ್ ಮೋಡ್ ಇರೋ ಫೋನಿದೆ, ಮನೆಗೊಬ್ಬರ ಹತ್ರ ಕ್ಯಾಮೆರಾ ಇದೆ, ಆದ್ರೆ ಈ ಬ್ಲರ್ ಎಲ್ಲಿಂದ ಬರತ್ತೆ ಅಂತ ಕೇಳಿದ್ರೆ "ಅಪರ್ಚರ್ ನಂಬರ್ ಕಮ್ಮಿ ಮಾಡು" ಅನ್ನೋ ಅರ್ಧ ಉತ್ತರ ಸಿಗತ್ತೆ. ಉಳಿದ ಅರ್ಧ ಸೇರಿಸಿ ಹೇಳೋಕೆ ಇದು.

ಫೋಕಸ್ ಅಂದ್ರೆ ಏನು: ಕಡ್ಲೆಕಾಯಿ ಪೊಟ್ಟಣ

ಚಿಕ್ಕವರಿದ್ದಾಗ ಭೂತಗನ್ನಡಿ ಹಿಡ್ಕೊಂಡು ಬಿಸಿಲಲ್ಲಿ ಪೇಪರ್ ಸುಟ್ಟಿರ್ತೀರ. ಗಾಜನ್ನ ಹತ್ರ ಹಿಡಿದ್ರೆ ದೊಡ್ಡ ಬೆಳಕಿನ ವೃತ್ತ, ದೂರ ಹಿಡಿದ್ರೂ ದೊಡ್ಡ ವೃತ್ತ, ಮಧ್ಯದಲ್ಲಿ ಒಂದೇ ಒಂದು ಜಾಗದಲ್ಲಿ ಅದು ಚುಕ್ಕೆ ಆಗತ್ತೆ, ಹೊಗೆ ಬರೋದು ಅಲ್ಲೇ. ಫೋಕಸ್ ಅಂದ್ರೆ ಇಷ್ಟೇ. ಕ್ಯಾಮೆರಾದಲ್ಲಿ ಪೇಪರ್ ಬದಲು ಬೆಳಕು ಹಿಡಿಯೋ ಸೆನ್ಸರ್ ಇರತ್ತೆ.

ಈಗ ಅಜ್ಜಿ ಮೂಗುತಿ ತಗೊಳ್ಳಿ. ಆ ಮೂಗುತಿಯ ಹೊಳಪಿಂದ ಬೆಳಕು ಎಲ್ಲಾ ಕಡೆ ಹರಡತ್ತೆ, ಅದರಲ್ಲಿ ಒಂದು ಪಾಲು ಲೆನ್ಸಿನ ಇಡೀ ಬಾಯಿ ತುಂಬಾ ಬಂದು ಬೀಳತ್ತೆ, ಲೆನ್ಸ್ ಅದನ್ನೆಲ್ಲಾ ಬಗ್ಗಿಸಿ ಒಳಗಡೆ ಒಂದು ತುದಿಗೆ ಸೇರಿಸತ್ತೆ. ಆಕಾರ ನೋಡಿದ್ರೆ ಪೇಪರ್ ಸುತ್ತಿ ಮಾಡೋ ಕಡ್ಲೆಕಾಯಿ ಪೊಟ್ಟಣ ಇದ್ದಂಗೆ, ಅಗಲದ ಬಾಯಿ ಲೆನ್ಸ್ ಕಡೆ, ಚೂಪು ತುದಿ ಸೆನ್ಸರ್ ಕಡೆ. ತುದಿ ಸರಿಯಾಗಿ ಸೆನ್ಸರ್ ಮೇಲೆ ಬಿದ್ರೆ ಮೂಗುತಿ ಚುಕ್ಕೆಯಾಗಿ ಬರತ್ತೆ, ಶಾರ್ಪ್. ತುದಿ ಸೆನ್ಸರಿಗಿಂತ ಮುಂದೆನೋ ಹಿಂದೆನೋ ಬಿದ್ರೆ ಸೆನ್ಸರಿಗೆ ಸಿಗೋದು ತುದಿ ಅಲ್ಲ, ಪೊಟ್ಟಣನ ಕತ್ತರಿಯಲ್ಲಿ ಅಡ್ಡ ಕತ್ತರಿಸಿದ ಹಾಗೆ ಒಂದು ವೃತ್ತ. ಫೋಟೋದ ಒಂದೊಂದು ಚುಕ್ಕೆನೂ ಹೀಗೆ ವೃತ್ತ ಆಗಿ, ಆ ವೃತ್ತಗಳೆಲ್ಲ ಒಂದರ ಮೇಲೊಂದು ಕೂತ್ರೆ ಅದನ್ನ ನಾವು ಬ್ಲರ್ ಅಂತೀವಿ.

ಹತ್ತಿರದ ವಸ್ತುವಿನ ಪೊಟ್ಟಣ ಉದ್ದ, ದೂರದ್ದು ಗಿಡ್ಡ. ಅದಕ್ಕೇ ಫೋಕಸ್ ರಿಂಗ್ ತಿರುಗಿಸಿದಾಗ ಒಳಗಿನ ಗಾಜು ಹಿಂದೆ ಮುಂದೆ ಸರಿಯೋದು. ಎಷ್ಟು ಸರಿಯತ್ತೆ ಅಂದ್ರೆ ನಗು ಬರತ್ತೆ, ಸಾದಾ 50 ಎಂಎಂ ಲೆನ್ಸನ್ನ ದೂರದ ಬೆಟ್ಟದಿಂದ ಎರಡು ಮೀಟರ್ ಹತ್ರ ಇರೋ ಮನುಷ್ಯನಿಗೆ ಫೋಕಸ್ ಬದಲಾಯಿಸೋಕೆ ಬೇಕಾಗಿರೋದು ಸುಮಾರು 1.3 ಮಿಲಿಮೀಟರ್ ಚಲನೆ.

ಇದರಿಂದ ಒಂದು ಮಾತು ಖಚಿತ ಆಗತ್ತೆ. ಒಂದು ಸಲಕ್ಕೆ ಒಂದೇ ದೂರ. ಕ್ಯಾಮೆರಾ ಮುಂದೆ ಸೆನ್ಸರಿಗೆ ಸಮಾನಾಂತರವಾಗಿ ಕಿಟಕಿ ಗಾಜಿನ ಥರ ಒಂದು ಹಾಳೆ ನಿಂತಿದೆ ಅಂದ್ಕೊಳ್ಳಿ, ಆ ಹಾಳೆ ಮೇಲಿರೋದು ಮಾತ್ರ ನಿಜವಾಗಿ ಶಾರ್ಪ್. ಆ ಹಾಳೆಗೆ ದಪ್ಪನೇ ಇಲ್ಲ.

ಹಾಗಿದ್ರೆ ಡೆಪ್ತ್ ಎಲ್ಲಿಂದ ಬಂತು

ದಪ್ಪ ಇಲ್ಲ ಅಂದ್ರೆ ಯಾವ ಮುಖನೂ ಪೂರ್ತಿ ಶಾರ್ಪ್ ಬರಬಾರದು, ಯಾಕಂದ್ರೆ ಮೂಗು ಕಿವಿಗಿಂತ ಮುಂದಿದೆ. ಆದ್ರೆ ಬರತ್ತೆ. ಕಾರಣ ಲೆನ್ಸ್ ಅಲ್ಲ, ನಮ್ಮ ಕಣ್ಣು. ತೀರಾ ಚಿಕ್ಕ ವೃತ್ತಕ್ಕೂ ಚುಕ್ಕೆಗೂ ಕಣ್ಣಿಗೆ ವ್ಯತ್ಯಾಸ ತಿಳಿಯಲ್ಲ. ಪುಸ್ತಕ ಓದೋ ದೂರದಲ್ಲಿ, ಅಂದ್ರೆ ಸುಮಾರು 25 ಸೆಂಟಿಮೀಟರ್ ದೂರದಲ್ಲಿ ಹಿಡಿದ ಎಂಟು ಹತ್ತು ಇಂಚಿನ ಪ್ರಿಂಟಲ್ಲಿ 0.2 ಮಿಲಿಮೀಟರ್ ಆಸುಪಾಸಿನ ವೃತ್ತನ ಕಣ್ಣು "ಚುಕ್ಕೆ" ಅಂತ ಒಪ್ಕೊಂಡು ಬಿಡತ್ತೆ. ಆ ಪ್ರಿಂಟಿಂದ ವಾಪಸ್ ಲೆಕ್ಕ ಹಾಕಿದ್ರೆ, ಹಳೇ ಫಿಲ್ಮ್ ಅಳತೆಯ ಸೆನ್ಸರ್ ಮೇಲೆ, ಅಂದ್ರೆ ಫುಲ್ ಫ್ರೇಮ್ ಮೇಲೆ, ಈ ವೃತ್ತ 0.03 ಮಿಲಿಮೀಟರ್ ಒಳಗಿರಬೇಕು. ನನ್ನ ಕ್ಯಾಮೆರಾ ಥರದ ಚಿಕ್ಕ ಎಪಿಎಸ್-ಸಿ ಸೆನ್ಸರಲ್ಲಿ 0.02. ಇದಕ್ಕೆ ಸರ್ಕಲ್ ಆಫ್ ಕನ್ಫ್ಯೂಷನ್ ಅಂತ ಹೆಸರು ಇಟ್ಟಿದಾರೆ, ಹೆಸರು ಕೇಳಿದ್ರೇ ಕನ್ಫ್ಯೂಸ್ ಆಗೋ ಹಂಗಿದೆ.

ಆ ಹಾಳೆಯಿಂದ ಮುಂದೆ ಎಷ್ಟು, ಹಿಂದೆ ಎಷ್ಟು ಹೋದ್ರೂ ವೃತ್ತ ಈ ಮಿತಿ ದಾಟಲ್ವೋ ಅಷ್ಟು ಜಾಗದ ಹೆಸರೇ ಡೆಪ್ತ್ ಆಫ್ ಫೀಲ್ಡ್. ಅಂದ್ರೆ ಕಣ್ಣು ಲೆನ್ಸಿಗೆ ಕೊಡೋ ರಿಯಾಯಿತಿ. ಗೆರೆ ಎಳೆದ ಹಾಗೆ ಇಲ್ಲಿವರೆಗೆ ಶಾರ್ಪ್, ಇಲ್ಲಿಂದ ಬ್ಲರ್ ಅಂತ ಇರಲ್ಲ, ಮೆಲ್ಲಮೆಲ್ಲಗೆ ಕರಗ್ತಾ ಹೋಗತ್ತೆ. ಇನ್ನೊಂದು, ಈ ರಿಯಾಯಿತಿ ಫೋಟೋನ ಎಷ್ಟು ದೊಡ್ಡದಾಗಿ ನೋಡ್ತೀರ ಅನ್ನೋದರ ಮೇಲೂ ನಿಂತಿದೆ. ಕ್ಯಾಮೆರಾ ಹಿಂದಿನ ಮೂರಿಂಚಿನ ಸ್ಕ್ರೀನಲ್ಲಿ ಎಲ್ಲರೂ ಶಾರ್ಪು, ಲ್ಯಾಪ್‌ಟಾಪಲ್ಲಿ ಅಜ್ಜಿ ಮಂಜು. ನಾನು ಮೋಸ ಹೋಗಿದ್ದು ಅಲ್ಲೇ. ಅವತ್ತಿಂದ ಕ್ಲಿಕ್ ಮಾಡಿದ ಮೇಲೆ ಜೂಮ್ ಬಟನ್ ಒತ್ತಿ ಹಿಂದಿನ ಸಾಲಿನ ಕಣ್ಣು ನೋಡದೇ ಯಾರನ್ನೂ ಕುರ್ಚಿಯಿಂದ ಏಳೋಕೆ ಬಿಡಲ್ಲ.

ಚಾಳೀಸು ಬಂದೋರಿಗೆ ಅಪರ್ಚರ್ ಆಗಲೇ ಗೊತ್ತು

ನಲವತ್ತು ದಾಟಿದ್ಮೇಲೆ ಔಷಧಿ ಚೀಟಿ ಓದೋಕೆ ಕಷ್ಟ ಆದಾಗ ಏನ್ಮಾಡ್ತೀವಿ? ಕಣ್ಣು ಕಿರಿದು ಮಾಡ್ತೀವಿ. ಇಲ್ಲಾಂದ್ರೆ ಬಾಗಿಲ ಹತ್ರ ಬಿಸಿಲಿಗೆ ಹೋಗಿ ನಿಲ್ತೀವಿ. ಎರಡರಲ್ಲೂ ಅಕ್ಷರ ಚೂರು ಸ್ಪಷ್ಟ ಆಗತ್ತೆ. ಇನ್ನೂ ಚೆನ್ನಾಗಿ ನೋಡ್ಬೇಕಾ, ಮುಷ್ಟಿ ಕಟ್ಟಿ ಅದರ ಮಧ್ಯೆ ಸೂಜಿಮೊನೆಯಷ್ಟು ಸಂದಿ ಬಿಟ್ಟು ಅದರೊಳಗಿಂದ ಪೇಪರ್ ನೋಡಿ, ಕನ್ನಡಕ ಇಲ್ಲದೇ ಓದಬಹುದು. ಇಲ್ಲಿ ಕಣ್ಣಿನ ಫೋಕಸ್ ಏನೂ ಸರಿ ಹೋಗಿಲ್ಲ, ಬೆಳಕು ಬರೋ ತೂತು ಚಿಕ್ಕದಾಯ್ತು ಅಷ್ಟೇ. ಬಿಸಿಲಲ್ಲಿ ಕಣ್ಣಿನ ಪಾಪೆ ತಾನೇ ಕುಗ್ಗತ್ತೆ, ಅದೂ ಅದೇ ಕೆಲಸ.

ಮತ್ತೆ ಪೊಟ್ಟಣಕ್ಕೆ ಬನ್ನಿ. ಬಾಯಿ ಅಗಲ ಇರೋ ಪೊಟ್ಟಣನ ತುದಿಯಿಂದ ಒಂದು ಇಂಚು ಮೇಲೆ ಕತ್ತರಿಸಿದ್ರೆ ದೊಡ್ಡ ತೂತು ಸಿಗತ್ತೆ, ಅಷ್ಟೇ ಉದ್ದದ ಆದ್ರೆ ತೆಳ್ಳಗೆ ಬಿಗಿಯಾಗಿ ಸುತ್ತಿದ ಪೊಟ್ಟಣನ ಅಷ್ಟೇ ಮೇಲೆ ಕತ್ತರಿಸಿದ್ರೆ ಚಿಕ್ಕ ತೂತು. ಫೋಕಸ್ ತಪ್ಪಿರೋದು ಎರಡರಲ್ಲೂ ಒಂದೇ, ವೃತ್ತ ಮಾತ್ರ ಚಿಕ್ಕದು, ಹಾಗಾಗಿ ರಿಯಾಯಿತಿ ಒಳಗೆ ಬಂದುಬಿಡತ್ತೆ. ಲೆನ್ಸ್ ಒಳಗೆ ಪಾಪೆ ಥರ ಕುಗ್ಗಿ ಹಿಗ್ಗೋ ತೂತೇ ಅಪರ್ಚರ್.

ತೂತು ದೊಡ್ಡದಾದಷ್ಟೂ ನಂಬರ್ ಚಿಕ್ಕದು, ಹೀಗೆ ಉಲ್ಟಾ ಯಾಕೆ ಅನ್ನೋ ಗೋಳು ಎಲ್ಲರದ್ದೂ. ಎಫ್ 8 ಅಂದ್ರೆ ಲೆನ್ಸಿನ ಫೋಕಲ್ ಲೆಂತ್‌ನ, ಅಂದ್ರೆ 50 ಎಂಎಂ ಅಂತೆಲ್ಲ ಬರೆದಿರೋ ಆ ನಂಬರನ್ನ, ಎಂಟರಿಂದ ಭಾಗಿಸು ಅಂತ. ಒಂದು ಹೋಳಿಗೆನ ಇಬ್ಬರಿಗೆ ಹಂಚಿದ್ರೆ ದೊಡ್ಡ ತುಂಡು, ಎಂಟು ಜನಕ್ಕೆ ಹಂಚಿದ್ರೆ ಚಿಕ್ಕದು, ಬೇರೆ ಗುಟ್ಟೇನಿಲ್ಲ. 50 ಎಂಎಂ ಲೆನ್ಸಿಗೆ ಎಫ್ 1.8 ಅಂದ್ರೆ ಸುಮಾರು 28 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯದಷ್ಟು ತೂತು. ಎಫ್ 8 ಅಂದ್ರೆ 6 ಮಿಲಿಮೀಟರ್ ಚಿಲ್ಲರೆ, ಒಣ ಬಟಾಣಿಯಷ್ಟು. ಎಫ್ 16 ಅಂದ್ರೆ 3 ಮಿಲಿಮೀಟರ್ ಚಿಲ್ಲರೆ, ಕೊತ್ತಂಬರಿ ಬೀಜ. ಈ ನಾಣ್ಯ, ಬಟಾಣಿ ನೆನಪಿಟ್ಕೊಳ್ಳಿ, ಮುಂದೆ ಫೋನಿನ ವಿಷಯಕ್ಕೆ ಬೇಕು.

ಅವತ್ತಿನ ಲೆಕ್ಕ ಈಗ ಹಾಕಬಹುದು. ಮುಂದಿನ ಸಾಲಿನ ಹುಡುಗ ನನ್ನಿಂದ ಸುಮಾರು 5 ಮೀಟರ್, ಫೋಕಸ್ ಅವನ ಮೇಲೆ, ಎಫ್ 1.8. ಸಿಗೋ ರಿಯಾಯಿತಿ ಅವನ ಮುಂದೆ 33 ಸೆಂಟಿಮೀಟರ್, ಹಿಂದೆ 38, ಒಟ್ಟು ಮುಕ್ಕಾಲು ಮೀಟರೂ ಇಲ್ಲ. ಅಜ್ಜಿ ಕುರ್ಚಿ ಅವನಿಗಿಂತ 70 ಸೆಂಟಿಮೀಟರ್ ಹಿಂದೆ ಇತ್ತು. ಅದೇ ಜಾಗದಿಂದ ಎಫ್ 8 ಇಟ್ಟು ಅಜ್ಜಿ ಮೇಲೆ ಫೋಕಸ್ ಮಾಡಿದ್ರೆ 4.2 ಮೀಟರಿಂದ ಹತ್ತಿರ ಹತ್ತಿರ 9 ಮೀಟರ್‌ವರೆಗೂ ಸರಿ ಇರ್ತಿತ್ತು, ಮೂರು ಸಾಲು ಏನು, ಹಿಂದಿನ ಗೋಡೆ ಕ್ಯಾಲೆಂಡರ್ ತಾರೀಖೂ ಓದಬಹುದಿತ್ತು.

ಮತ್ತೆ ಯಾವಾಗಲೂ ಎಫ್ 8 ಇಟ್ರೆ ಆಯ್ತಲ್ಲ ಅಂದ್ರೆ, ತೂತು ಚಿಕ್ಕದಾದ್ರೆ ಬೆಳಕೂ ಕಮ್ಮಿ. ಎಫ್ 1.8ರಿಂದ ಎಫ್ 8ಕ್ಕೆ ಹೋದ್ರೆ ಬೆಳಕು ಇಪ್ಪತ್ತರಲ್ಲಿ ಒಂದು ಪಾಲು ಆಗತ್ತೆ. ಹಾಲಲ್ಲಿ ಟ್ಯೂಬ್‌ಲೈಟ್ ಕೆಳಗೆ ಶಟರ್ ತೆರೆದಿರೋ ಹೊತ್ತು 1/200 ಸೆಕೆಂಡ್ ಇದ್ದಿದ್ದು 1/10 ಆಗತ್ತೆ, ಆಗ ಮಕ್ಕಳು ಅಲ್ಲಾಡಿ ಬೇರೆ ಥರದ ಬ್ಲರ್ರು. ಇಲ್ಲಾಂದ್ರೆ ಐಎಸ್‌ಒ, ಅಂದ್ರೆ ಸಿಕ್ಕ ಬೆಳಕನ್ನ ಕ್ಯಾಮೆರಾ ಎಷ್ಟು ಹಿಗ್ಗಿಸತ್ತೆ ಅನ್ನೋ ಅಳತೆ, 200 ಇದ್ದಿದ್ದನ್ನ 4000ಕ್ಕೆ ಏರಿಸಬೇಕು, ಫೋಟೋ ತುಂಬಾ ಮರಳು ಮರಳು. ಗ್ರೂಪ್ ಫೋಟೋಗೆ ಎಲ್ಲರನ್ನೂ ಅಂಗಳಕ್ಕೆ ಕರ್ಕೊಂಡು ಹೋಗೋ ಹಳೇ ಸ್ಟುಡಿಯೋದವರು ಸುಮ್ನೆ ಹಾಗೆ ಮಾಡ್ತಿರಲಿಲ್ಲ.

ಹತ್ರ ಹೋದಷ್ಟೂ ರಿಯಾಯಿತಿ ಕಮ್ಮಿ

ಅಪರ್ಚರ್ ಬಗ್ಗೆ ಎಲ್ಲರೂ ಹೇಳ್ತಾರೆ, ದೂರದ ಬಗ್ಗೆ ಯಾರೂ ಅಷ್ಟಾಗಿ ಹೇಳಲ್ಲ, ನಿಜ ಹೇಳ್ಬೇಕಂದ್ರೆ ದೂರದ್ದೇ ಜಾಸ್ತಿ ಕೈವಾಡ. ದೂರ ಅರ್ಧ ಆದ್ರೆ ಡೆಪ್ತ್ ಸುಮಾರು ಕಾಲುಭಾಗ ಆಗತ್ತೆ. 85 ಎಂಎಂ ಎಫ್ 1.4 ಲೆನ್ಸ್ ಹಾಕಿ ಒಂದೂವರೆ ಮೀಟರ್ ದೂರದಿಂದ ಮದುಮಗಳ ಮುಖ ತೆಗೀತೀರ ಅಂದ್ರೆ ಫುಲ್ ಫ್ರೇಮಲ್ಲಿ ಸಿಗೋ ದಪ್ಪ ಎರಡೂವರೆ ಸೆಂಟಿಮೀಟರ್. ರೆಪ್ಪೆ ಶಾರ್ಪ್ ಇದ್ರೆ ಕಿವಿ ಓಲೆ ಹೋಯ್ತು, ಓಲೆ ಹಿಡಿದ್ರೆ ಕಣ್ಣು ಹೋಯ್ತು. ಓಲೆ ತೋರಿಸ್ಬೇಕಿದ್ರೆ ಎಫ್ 4 ಅಥವಾ 5.6ಕ್ಕೆ ಬನ್ನಿ, ಬ್ಯಾಕ್‌ಗ್ರೌಂಡ್ ದೂರ ಇದ್ರೆ ಅದಾಗಲೂ ಚೆನ್ನಾಗೇ ಕರಗತ್ತೆ.

ಆಗುಂಬೆ ಕಡೆ ಮಳೆಗಾಲದಲ್ಲಿ ಕಪ್ಪೆ ಹಿಂದೆ ಬೀಳೋ ಮ್ಯಾಕ್ರೋದವರನ್ನ, ಅಂದ್ರೆ ಚಿಕ್ಕಚಿಕ್ಕದ್ದನ್ನ ತೀರಾ ಹತ್ರದಿಂದ ತೆಗೆಯೋರನ್ನ ಕೇಳಿ, ಅವರ ಕಷ್ಟ ಇನ್ನೂ ಮಜಾ. ವಸ್ತು ಎಷ್ಟಿದೆಯೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳೋ ಹಾಗೆ ತೆಗೆದ್ರೆ, ಎಫ್ 8 ಇಟ್ರೂ ಡೆಪ್ತ್ ಸುಮಾರು ಒಂದು ಮಿಲಿಮೀಟರ್. ಉಸಿರು ಬಿಟ್ರೆ ಫೋಕಸ್ ಹೋಯ್ತು. ಅದಕ್ಕೇ ಅವರು ಫೋಕಸ್ ಸ್ಟ್ಯಾಕಿಂಗ್ ಮಾಡೋದು, ಫೋಕಸನ್ನ ಕೂದಲೆಳೆಯಷ್ಟೇ ಸರಿಸ್ತಾ ಇಪ್ಪತ್ತು ಮೂವತ್ತು ಫೋಟೋ ತೆಗೆದು ಆಮೇಲೆ ಸಾಫ್ಟ್‌ವೇರಲ್ಲಿ ಶಾರ್ಪ್ ಇರೋ ಭಾಗಗಳನ್ನೆಲ್ಲ ಹೊಲೀತಾರೆ, ಕಪ್ಪೆ ಅಲ್ಲಾಡದೇ ಕೂತ್ರೆ!

ಜೂಮ್ ಮಾಡಿದ್ರೆ ಬ್ಲರ್ ಜಾಸ್ತಿ ಅಂತಾರಲ್ಲ

ಹೌದು ಮತ್ತೆ ಅಲ್ಲ. ನಿಂತಲ್ಲೇ ನಿಂತು 50 ಎಂಎಂ ತೆಗೆದು 100 ಎಂಎಂ ಹಾಕಿದ್ರೆ ಡೆಪ್ತ್ ಕಮ್ಮಿ ಆಗೋದು ನಿಜ. ಆದ್ರೆ ಯಾರೂ ಹಾಗೆ ತೆಗೆಯಲ್ಲ, 100 ಎಂಎಂ ಹಾಕಿದ್ಮೇಲೆ ಮುಖ ಫ್ರೇಮಲ್ಲಿ ಹಿಡಿಸಲ್ಲ ಅಂತ ಹಿಂದೆ ಹೋಗ್ತೀವಿ. 2 ಮೀಟರಿಂದ 50 ಎಂಎಂ, 4 ಮೀಟರಿಂದ 100 ಎಂಎಂ, ಎರಡರಲ್ಲೂ ಮನುಷ್ಯ ಅಷ್ಟೇ ದೊಡ್ಡದು, ಫುಲ್ ಫ್ರೇಮಲ್ಲಿ ಎಫ್ 2.8 ಇಟ್ರೆ ಡೆಪ್ತ್ ಎರಡರಲ್ಲೂ 26 ಸೆಂಟಿಮೀಟರ್ ಆಸುಪಾಸು. ಒಂದೇ!

ಆದ್ರೂ 100 ಎಂಎಂ ಫೋಟೋದಲ್ಲಿ ಹಿಂದಿನದ್ದು ಜಾಸ್ತಿ ಕರಗಿದ ಹಾಗೆ ಕಾಣತ್ತೆ, ಕಣ್ಣಿನ ಭ್ರಮೆ ಅಲ್ಲ ಅದು. ಎಷ್ಟು ಜಾಗ ಶಾರ್ಪ್ ಇದೆ ಅನ್ನೋದು ಒಂದು ಪ್ರಶ್ನೆ, ಶಾರ್ಪ್ ಇಲ್ಲದ್ದು ಎಷ್ಟು ಬ್ಲರ್ ಇದೆ ಅನ್ನೋದು ಬೇರೆ ಪ್ರಶ್ನೆ, ಇವೆರಡನ್ನ ಕಲಸಿಬಿಟ್ಟಿರೋದೇ ಗೊಂದಲಕ್ಕೆ ಕಾರಣ. ಎರಡನೇ ಪ್ರಶ್ನೆಗೆ ಒಂದು ಚಂದದ ಉತ್ತರ ಇದೆ, ನನಗಂತೂ ಇದು ಗೊತ್ತಾದ ದಿನ ತಲೆಯಲ್ಲಿ ಬಲ್ಬ್ ಹತ್ತಿತು. ತುಂಬಾ ದೂರದ ಒಂದು ದೀಪ, ನೀವು ಫೋಕಸ್ ಮಾಡಿದ ಮುಖದ ಪಕ್ಕ ಎಷ್ಟು ದೊಡ್ಡ ವೃತ್ತವಾಗಿ ಕಾಣತ್ತೆ ಅಂದ್ರೆ, ಆ ಮುಖದ ಅಳತೆಗೆ ಹೋಲಿಸಿದ್ರೆ, ಲೆನ್ಸಿನ ತೂತಿನಷ್ಟೇ ದೊಡ್ಡದು. ದಸರಾ ಸಮಯದಲ್ಲಿ ಮೈಸೂರು ಅರಮನೆಯ ಲಕ್ಷದ ಹತ್ತಿರ ಬಲ್ಬು ಹತ್ತಿದಾಗ ಅರಮನೆಯಿಂದ ದೂರದಲ್ಲಿ ಫ್ರೆಂಡನ್ನ ನಿಲ್ಲಿಸಿ 50 ಎಂಎಂ ಎಫ್ 1.8ರಲ್ಲಿ ತೆಗೀರಿ, ಪ್ರತಿ ಬಲ್ಬೂ ಅವನ ಕೆನ್ನೆ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟಷ್ಟು ದೊಡ್ಡ ಬೆಳಕಿನ ಬಿಲ್ಲೆ. ಎಫ್ 8ರಲ್ಲಿ ಬಟಾಣಿ. 100 ಎಂಎಂ ಎಫ್ 1.8 ಆದ್ರೆ ಐವತ್ತೈದು ಮಿಲಿಮೀಟರ್, ಕೋಡುಬಳೆಯಷ್ಟು. ಈ ಬ್ಲರ್ ಎಷ್ಟು ಹಿತವಾಗಿದೆ ಅನ್ನೋದಕ್ಕೆ ಬೊಕೆ ಅಂತಾರೆ, ಜಪಾನಿ ಮಾತು. ಬಿಲ್ಲೆಗಳು ಗುಂಡಗಿರದೇ ಆರು ಮೂಲೆ ಏಳು ಮೂಲೆ ಬಂದ್ರೆ ಅದು ತೂತನ್ನ ಕುಗ್ಗಿಸೋ ಅಪರ್ಚರ್ ಪಟ್ಟಿಗಳ ಆಕಾರ.

ಹಕ್ಕಿಯವರದ್ದು ಇದರ ವಿರುದ್ಧ ಅವಸ್ಥೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು 400 ಎಂಎಂ ಎಫ್ 5.6ರಲ್ಲಿ 20 ಮೀಟರ್ ದೂರದ ಕೊಕ್ಕರೆ ತೆಗೆದ್ರೆ ಫುಲ್ ಫ್ರೇಮಲ್ಲಿ ಡೆಪ್ತ್ ಸುಮಾರು 82 ಸೆಂಟಿಮೀಟರ್, ಅದು ಪಕ್ಕಕ್ಕೆ ತಿರುಗಿ ರೆಕ್ಕೆ ಬಿಚ್ಚಿ, ಒಂದು ರೆಕ್ಕೆ ನಿಮ್ಮ ಕಡೆ ಚಾಚಿದ್ರೆ ಸಾಕಾಗಲ್ಲ, ದೋಣಿ ಬೇರೆ ಓಲಾಡತ್ತೆ.

ಫೋನಲ್ಲಿ ಎಲ್ಲಾ ಶಾರ್ಪ್ ಯಾಕೆ, ಪೋರ್ಟ್ರೇಟ್ ಮೋಡ್ ಏನು ಮಾಡತ್ತೆ

ಫೋನ್ ಮೇಲೂ ಎಫ್ 1.8 ಅಂತಾನೇ ಬರೆದಿರ್ತಾರೆ, ಆದ್ರೂ ಬ್ಲರ್ ಬರಲ್ಲ. ಹೋಳಿಗೆನೇ ಚಿಕ್ಕದಲ್ವಾ! ಉದಾಹರಣೆಗೆ ಐಫೋನ್ 7ರ ಲೆನ್ಸಿನ ಫೋಕಲ್ ಲೆಂತ್ ಬರೀ 4 ಎಂಎಂ, ಅದನ್ನ 1.8ರಿಂದ ಭಾಗಿಸಿದ್ರೆ ತೂತು ಎರಡು ಮಿಲಿಮೀಟರ್ ಚಿಲ್ಲರೆ, ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ಅರಮನೆ ಬಲ್ಬು ಕೆನ್ನೆ ಪಕ್ಕ ಸಾಸಿವೆ ಕಾಳಷ್ಟೇ ಹಿಗ್ಗತ್ತೆ, ಕಣ್ಣಿಗೆ ಅದು ಬಲ್ಬೇ. ಅಂಥ ಫೋನನ್ನ 2 ಮೀಟರಿಗೆ ಫೋಕಸ್ ಮಾಡಿದ್ರೆ ಸುಮಾರು 1 ಮೀಟರಿಂದ ಹಿಡಿದು ಚಂದ್ರನವರೆಗೂ ಶಾರ್ಪ್. ಈಗಿನ ದೊಡ್ಡ ಸೆನ್ಸರ್ ಫೋನುಗಳಲ್ಲಿ ಚೂರು ಸಹಜ ಬ್ಲರ್ ಬರತ್ತೆ, ತಟ್ಟೆ ಇಡ್ಲಿನ ತುಂಬಾ ಹತ್ರದಿಂದ ತೆಗೆದು ನೋಡಿ, ಹಿಂದಿನ ಕಾಫಿ ಲೋಟ ಮೆತ್ತಗಾಗಿರತ್ತೆ.

ಹಾಗಾಗಿ ಫೋನು ಬ್ಲರನ್ನ ಲೆಕ್ಕ ಹಾಕಿ ಬಳಿಯತ್ತೆ. 2016ರಲ್ಲಿ ಐಫೋನ್ 7 ಪ್ಲಸ್‌ಗೆ ಪೋರ್ಟ್ರೇಟ್ ಮೋಡ್ ಬಂದಾಗ ಎರಡು ಲೆನ್ಸ್ ಬಳಸಿ, ನಮ್ಮ ಎರಡು ಕಣ್ಣಿನ ಹಾಗೆ, ಯಾವುದು ಹತ್ರ ಯಾವುದು ದೂರ ಅಂತ ಅಂದಾಜು ಮಾಡ್ತಿತ್ತು. 2017ರ ಗೂಗಲ್ ಪಿಕ್ಸೆಲ್ 2 ಹಿಂದೆ ಒಂದೇ ಕ್ಯಾಮೆರಾ ಇಟ್ಕೊಂಡು ಅದನ್ನೇ ಮಾಡ್ತು, ಅದರ ಸೆನ್ಸರಲ್ಲಿ ಪ್ರತಿ ಪಿಕ್ಸೆಲ್ ಎರಡು ಅರ್ಧ, ಒಂದು ಅರ್ಧ ಲೆನ್ಸಿನ ಎಡಗಡೆಯಿಂದ ನೋಡತ್ತೆ, ಇನ್ನೊಂದು ಬಲಗಡೆಯಿಂದ, ಜೊತೆಗೆ ಮನುಷ್ಯನ ಆಕಾರ ಗುರುತಿಸೋ ಪ್ರೋಗ್ರಾಮ್. ಎಡವೋದು ಅಂಚಲ್ಲಿ. ಜಡೆಯಿಂದ ಹೊರಗೆ ಬಂದ ಕೂದಲು, ಮುಡಿದ ಮಲ್ಲಿಗೆ ದಂಡೆಯ ಸಂದಿ, ಕನ್ನಡಕದ ಗಾಜಿನ ಮೂಲಕ ಕಾಣೋ ಹಿನ್ನೆಲೆ, ಇವೆಲ್ಲ ಅದಕ್ಕೆ ಒಗಟು. ನಿಜವಾದ ಲೆನ್ಸಲ್ಲಿ ಕಿವಿ ಸ್ವಲ್ಪ, ಭುಜ ಇನ್ನೂ ಸ್ವಲ್ಪ, ಗೋಡೆ ಪೂರ್ತಿ ಹೀಗೆ ಹಂತಹಂತವಾಗಿ ಬ್ಲರ್ ಆಗತ್ತೆ, ಕೆಟ್ಟ ಪೋರ್ಟ್ರೇಟ್ ಮೋಡಲ್ಲಿ ಮನುಷ್ಯ ರಟ್ಟಿನ ಬೊಂಬೆ ಥರ ಕತ್ತರಿಸಿ ಅಂಟಿಸಿದಂಗಿರತ್ತೆ. ಪೋರ್ಟ್ರೇಟ್ ಫೋಟೋನ ಎಡಿಟಲ್ಲಿ ತೆರೆದು ಬ್ಲರ್ ಸ್ಲೈಡರನ್ನ ಅರ್ಧಕ್ಕೆ ಇಳಿಸಿ ನೋಡಿ, ಈ ಅಂಟಿಸಿದ ಕಳೆ ಬಹುಪಾಲು ಹೋಗತ್ತೆ.

ಫೋಕಸ್ ಎಲ್ಲಿಡಬೇಕು

ಕ್ಯಾಮೆರಾನ ಪೂರ್ತಿ ಆಟೋಗೆ ಬಿಟ್ರೆ ಅದು ಹತ್ತಿರ ಇರೋದನ್ನೋ, ಸಿಕ್ಕಿದ ಮುಖವನ್ನೋ ಹಿಡಿಯತ್ತೆ. ನನ್ನದು ಹತ್ರದ ಹುಡುಗನ್ನ ಹಿಡೀತು. ಅದಕ್ಕೆ ಅಜ್ಜಿ ಗೊತ್ತಿಲ್ಲ. ಒಂದೇ ಪಾಯಿಂಟ್ ಆರಿಸ್ಕೊಂಡು ನಾವೇ ಇಡೋದು ವಾಸಿ. ಒಬ್ಬರೇ ಇದ್ರೆ ಕಣ್ಣು, ಅದರಲ್ಲೂ ಕ್ಯಾಮೆರಾಗೆ ಹತ್ತಿರದ ಕಣ್ಣು, ಹೊಸ ಕ್ಯಾಮೆರಾಗಳು ಕಣ್ಣನ್ನ ತಾವೇ ಹುಡುಕ್ತಾವೆ. ನಿಂತಿರೋ ವಸ್ತುವಿಗೆ ಒಂದು ಸಲ ಲಾಕ್ ಆಗೋ ಮೋಡ್, ಓಡೋ ಮಗುವಿಗೆ ಬೆನ್ನತ್ತೋ ಮೋಡ್, ಕಂಪನಿ ಪ್ರಕಾರ ಹೆಸರು ಬೇರೆ ಬೇರೆ.

ಬಿಳಿ ಗೋಡೆ, ಮಂಜು, ಕತ್ತಲೆ ಇವುಗಳ ಮುಂದೆ ಆಟೋಫೋಕಸ್ ಗಿರ್ ಗಿರ್ ಅಂತ ಹುಡುಕಾಡತ್ತೆ, ಯಾಕಂದ್ರೆ ಅದಕ್ಕೆ ಹೋಲಿಸಿ ನೋಡೋಕೆ ಏನಾದ್ರೂ ಗೆರೆ, ಅಂಚು ಬೇಕು. ಸೀರೆ ಬಾರ್ಡರೋ ಕಿಟಕಿ ಸರಳೋ ಅಷ್ಟೇ ದೂರದಲ್ಲಿ ಇದ್ರೆ ಅದನ್ನ ಹಿಡಿದು ಲಾಕ್ ಮಾಡಿ. ಆದ್ರೆ ಎಫ್ 1.8ರಲ್ಲಿ ಹತ್ತಿರದಿಂದ ಹೀಗೆ ಫೋಕಸ್ ಲಾಕ್ ಮಾಡಿ ಕ್ಯಾಮೆರಾನ ಪಕ್ಕಕ್ಕೆ ತಿರುಗಿಸಿದ್ರೆ ಅಪಾಯ, ಆ ಗಾಜಿನ ಹಾಳೆನೂ ಕ್ಯಾಮೆರಾ ಜೊತೆ ತಿರುಗತ್ತೆ, ಕಣ್ಣಿಂದ ಜಾರಿ ಕಿವಿಗೆ ಹೋಗಿರತ್ತೆ.

ಹಾಳೆ ಚಪ್ಪಟೆ ಅನ್ನೋದು ಗ್ರೂಪಲ್ಲೂ ಉಪಯೋಗ. ಸಾಲು ನೆಟ್ಟಗಿದ್ದು, ಸಾಲುಗಳ ಮಧ್ಯೆ ಜಾಗ ಕಮ್ಮಿ ಇದ್ರೆ ಅರ್ಧ ಕೆಲಸ ಆಯ್ತು, ನಿಂತೋರನ್ನ ಕುರ್ಚಿ ಬೆನ್ನಿಗೆ ಒತ್ತಿ ನಿಲ್ಲಿಸಿ. "ಮುಂದಿನಿಂದ ಮೂರನೇ ಒಂದು ಪಾಲಿಗೆ ಫೋಕಸ್ ಮಾಡು, ಮೂರನೇ ಎರಡು ಪಾಲು ಹಿಂದೆ ಸಿಗತ್ತೆ" ಅಂತ ಒಂದು ಹಳೇ ಸೂತ್ರ ಇದೆ, ಅದು ಅರ್ಧ ಸತ್ಯ. ನನ್ನ ಎಫ್ 8ರ ಲೆಕ್ಕದಲ್ಲಿ 5 ಮೀಟರಿಗೆ ಮುಂದೆ 1.2 ಮೀಟರ್, ಹಿಂದೆ 2.3 ಮೀಟರ್, ಸೂತ್ರ ಸರಿಯಾಯ್ತು. ಅದೇ ದೂರ ಎಫ್ 1.8ರಲ್ಲಿ 33 ಮತ್ತೆ 38 ಸೆಂಟಿಮೀಟರ್, ಹತ್ತಿರ ಹತ್ತಿರ ಸಮಪಾಲು. ಡೆಪ್ತ್ ತೆಳ್ಳಗಿದ್ದಷ್ಟೂ ಸಮಪಾಲಿನ ಕಡೆ ಬರತ್ತೆ, ಜಾಸ್ತಿ ಇದ್ದಷ್ಟೂ ಹಿಂದಕ್ಕೆ ಹರಡ್ಕೊಳ್ಳತ್ತೆ.

ಹಂಪಿಯಲ್ಲಿ ಬಂಡೆಯಿಂದ ಬೆಟ್ಟದವರೆಗೆ

ಹಿಂದಕ್ಕೆ ಹರಡ್ತಾ ಹರಡ್ತಾ ಒಂದು ಹಂತದಲ್ಲಿ ಡೆಪ್ತ್ ಕೊನೆಯಿಲ್ಲದ ದೂರ ಮುಟ್ಟತ್ತೆ. ಹಾಗೆ ಮುಟ್ಟಿಸೋಕೆ ಫೋಕಸ್ ಇಡಬೇಕಾದ ಅತಿ ಹತ್ತಿರದ ಜಾಗಕ್ಕೆ ಹೈಪರ್‌ಫೋಕಲ್ ದೂರ ಅಂತಾರೆ. ಹಂಪಿಯಲ್ಲಿ ಕಾಲ ಹತ್ರದ ಬಂಡೆನೂ ಬೇಕು, ಹಿಂದಿನ ಬೆಟ್ಟದ ಸಾಲೂ ಬೇಕು ಅಂದ್ರೆ ಜನ ಬೆಟ್ಟಕ್ಕೆ ಫೋಕಸ್ ಮಾಡ್ತಾರೆ, ಬಂಡೆ ಮಂಜಾಗತ್ತೆ, ಬೆಟ್ಟದ ಹಿಂದಿನ ಖಾಲಿ ಆಕಾಶಕ್ಕೆ ಸಿಕ್ಕ ರಿಯಾಯಿತಿ ದಂಡ. ಫುಲ್ ಫ್ರೇಮ್ ಮೇಲೆ 24 ಎಂಎಂ ಲೆನ್ಸ್, ಎಫ್ 8 ಇದ್ರೆ ಈ ದೂರ 2.4 ಮೀಟರ್. ಅಲ್ಲಿಗೆ ಫೋಕಸ್ ಇಟ್ರೆ ಅದರ ಅರ್ಧದಿಂದ, ಅಂದ್ರೆ 1.2 ಮೀಟರಿಂದ ಬೆಟ್ಟದವರೆಗೂ ಸರಿ. ನಾನು ಎರಡೂವರೆ ಮೀಟರ್ ಹೆಜ್ಜೆಯಲ್ಲಿ ಅಳೆದು, ಬೆಟ್ಟ ಚೂರು ಹೆಚ್ಚು ಶಾರ್ಪ್ ಇರಲಿ ಅಂತ ಇನ್ನೊಂದು ಹೆಜ್ಜೆ ಆಚೆಗೆ ಫೋಕಸ್ ಇಡ್ತೀನಿ, ದೊಡ್ಡ ಪ್ರಿಂಟಲ್ಲಿ ಲೆಕ್ಕದ ಅಂಚು ಸಾಲದೇ ಹೋಗತ್ತೆ.

ಹಾಗಂತ ಎಫ್ 22ಕ್ಕೆ ಓಡಬೇಡಿ. ತೂತು ತೀರಾ ಚಿಕ್ಕದಾದ್ರೆ ಬೆಳಕು ಅದರ ಅಂಚಲ್ಲಿ ಬಗ್ಗಿ ಹರಡತ್ತೆ, ಡಿಫ್ರಾಕ್ಷನ್ ಅಂತಾರೆ, ಎಫ್ 22ರಲ್ಲಿ ಸರಿಯಾಗಿ ಫೋಕಸ್ ಆಗಿರೋ ಚುಕ್ಕೆನೇ ಸುಮಾರು 0.03 ಮಿಲಿಮೀಟರ್ ಅಗಲ ಆಗತ್ತೆ. ನೆನಪಿದೆಯಾ, ಅದು ಕಣ್ಣು ಕೊಡೋ ರಿಯಾಯಿತಿಯಷ್ಟೇ. ಎಲ್ಲಾ ಸಮನಾಗಿ ಶಾರ್ಪ್ ಮಾಡೋಕೆ ಹೋಗಿ ಎಲ್ಲಾ ಸಮನಾಗಿ ಮೆತ್ತಗಾಗತ್ತೆ. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದ ಫೋಟೋಗ್ರಾಫರ್‌ಗಳು ಕಟ್ಟಿದ ಗುಂಪಿನ ಹೆಸರೇ ಎಫ್ 64 ಅಂತಿತ್ತಲ್ಲ ಅಂದ್ರೆ, ಅವರ ಕ್ಯಾಮೆರಾದಲ್ಲಿ ಫಿಲ್ಮ್ ಹಾಳೆ ಎಂಟು ಹತ್ತು ಇಂಚಿನದ್ದು, ಅದನ್ನ ಹೆಚ್ಚು ದೊಡ್ಡದು ಮಾಡದೇ ಪ್ರಿಂಟ್ ಹಾಕ್ತಿದ್ರು, ಅವರ ಹೋಳಿಗೆ ದೊಡ್ಡದು.

ಇನ್ನೊಂದು ದಾರಿ ಹಾಳೆನೇ ಓರೆ ಮಾಡೋದು. ಲೆನ್ಸನ್ನ ಸೆನ್ಸರಿಗೆ ಓರೆಯಾಗಿ ಬಗ್ಗಿಸಿದ್ರೆ ಶಾರ್ಪ್ ಹಾಳೆ ನೆಲದುದ್ದಕ್ಕೂ ಮಲಗತ್ತೆ, ಬಂಡೆ ಬೆಟ್ಟ ಎರಡೂ ಅದರ ಮೇಲೇ. ಆಸ್ಟ್ರಿಯಾದ ಸೇನಾ ಕ್ಯಾಪ್ಟನ್ ಥಿಯೋಡೋರ್ ಶೈಂಫ್ಲುಗ್ 1904ರಲ್ಲಿ ಈ ಲೆಕ್ಕವನ್ನ ಪೇಟೆಂಟಲ್ಲಿ ಬಿಡಿಸಿಟ್ಟ. ಹೀಗೆ ಬಗ್ಗೋ ಟಿಲ್ಟ್-ಶಿಫ್ಟ್ ಲೆನ್ಸುಗಳ ರೇಟ್ ಕೇಳಿ ನಾನು ಸುಮ್ನಾದೆ.

ಗ್ರೂಪ್ ಫೋಟೋ ಆಮೇಲೆ ಏನಾಯ್ತು

ಮತ್ತೆ ಎಲ್ಲರೂ ಸೇರಿದ್ದು ಮುಂದಿನ ವರ್ಷ ಮಗುವಿನ ಹುಟ್ಟುಹಬ್ಬಕ್ಕೆ. ಅಂಗಳ, ಸಂಜೆ ಬೆಳಕು, ಎಫ್ 8, ಫೋಕಸ್ ಅಜ್ಜಿ ಮೇಲೆ. ಮೂರು ಸಾಲೂ ಗರಿಗರಿ. ಆದ್ರೆ ಅಮ್ಮ ಫ್ರೇಮ್ ಹಾಕ್ಸಿ ಟಿವಿ ಪಕ್ಕ ಇಟ್ಟಿರೋದು ನಾಮಕರಣದ್ದೇ ಫೋಟೋ, ಅದರಲ್ಲಿ ಎಲ್ಲರೂ ನಗ್ತಿದಾರಂತೆ. ಅಂಗೈ ಅಗಲದ ಪ್ರಿಂಟು. ಆ ಸೈಜಲ್ಲಿ ಅಜ್ಜಿ ಮುಖದ ವೃತ್ತಗಳು ಕಣ್ಣಿನ ರಿಯಾಯಿತಿ ಒಳಗೆ ಬಂದುಬಿಟ್ಟಿವೆ, ಮೂಗುತಿ ಕೂಡ ಚುಕ್ಕೆಯಾಗಿ ಹೊಳೀತಿದೆ. ಹಿಂದಿನ ಸಾಲು ಮಾತ್ರ ಇನ್ನೂ ಚೂರು ಮಂಜು.